ಫ್ಯೂಸ್ ತಂತಿಯೂ ಗಾಳದ ದಾರವೂ



ಈ ಸಲ ‘ಲೀಡರ್’ ಆಯ್ಕೆಯ ಬಗ್ಗೆ ಬರೆಯಲು ಕುಳಿತಿದ್ದೇನೆ. ಮೇಷ್ಟ್ರು ನಿವೃತ್ತಿಯ ನಂತರ ರಾಜಕೀಯಕ್ಕೆ ಇಳಿದರೆಂದು ಯಾರೂ ಗಾಬರಿಯಾಗಬೇಡಿ. ಇದು ಚುನಾವಣೆಯ ಮಾತಲ್ಲ. ಕೃತಕ ನೊಣವನ್ನು ಕಟ್ಟಿ ಗಾಳ ಬೀಸುವ ಫ್ಲೈ ಫಿಶಿಂಗ್ ಎಂಬ ಹವ್ಯಾಸದಲ್ಲಿ, ಗಾಳದ ಹುರಿಗೂ ನೊಣಕ್ಕೂ ನಡುವೆ ಕಟ್ಟುವ ಸಪೂರವಾದ ದಾರಕ್ಕೆ ಲೀಡರ್ ಎಂದು ಹೆಸರು. ಆ ಲೀಡರಿನ ಕಟ್ಟಕಡೆಯ, ಎಲ್ಲಕ್ಕಿಂತ ತೆಳುವಾದ ಎರಡು ಅಡಿಯ ತುಂಡಿಗೆ ಟಿಪ್ಪೆಟ್ ಎನ್ನುತ್ತಾರೆ. ನನ್ನ ಇಂದಿನ ಜಗಳ ಈ ಎರಡು ಅಡಿ ದಾರದ ಬಗ್ಗೆ.

ಜಗಳಕ್ಕೆ ಕಾರಣವಾದದ್ದು ಒಂದು ಛಾಯಾಚಿತ್ರ. ಜೆ.ಪಿ. ನಗರದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ನಮ್ಮ ಹಳೆಯ ತರಗತಿಯ ವಾಟ್ಸ್‌ಆ್ಯಪ್ ಬಳಗದಲ್ಲಿ ಅದನ್ನು ಹಂಚಿಕೊಂಡಿದ್ದ. ಪರವಾನಗಿ ಪಡೆದು ಪಶ್ಚಿಮಘಟ್ಟದ ಹೊಳೆಯೊಂದರಲ್ಲಿ ಗಾಳ ಹಾಕಿ, ಸುಮಾರು ನಾಲ್ಕು ಕೆ.ಜಿ. ತೂಕದ ಮಹಸೀರ್ ಮೀನನ್ನು ಹಿಡಿದು ಮತ್ತೆ ನೀರಿಗೆ ಬಿಟ್ಟಿದ್ದ. ಅಷ್ಟರಮಟ್ಟಿಗೆ ತಪ್ಪೇನಿಲ್ಲ. ಆದರೆ ಚಿತ್ರದ ಕೆಳಗೆ ಅವನು ಬರೆದಿದ್ದ ಸಾಲು ನನ್ನನ್ನು ಕುಟುಕಿತು: “6 ಎಕ್ಸ್ ಟಿಪ್ಪೆಟ್‌ನಲ್ಲಿ, ಐವತ್ತು ನಿಮಿಷದ ಹೋರಾಟ!” ಅದರ ಕೆಳಗೆ ಗೆಳೆಯರ ಶಹಬ್ಬಾಸ್‌ಗಿರಿಗಳ ಸಾಲು. ನಾನೊಬ್ಬನೇ ಏನೂ ಬರೆಯಲಿಲ್ಲ. ಮರುದಿನ ಅವನೇ ಫೋನ್ ಮಾಡಿ, “ಮೇಷ್ಟ್ರೇ, ನೀವು ನೋಡಲಿಲ್ಲವೇ?” ಎಂದ. ನೋಡಿದ್ದೆ. ಅದಕ್ಕೇ ಈ ಲೇಖನ.

ಮೊದಲು, ಗಾಳದ ದಾರದ ವಿಚಾರ ಪರದೇಶದ್ದು, ನಮಗೇಕೆ ಅದರ ತರ್ಕ ಎಂದು ಯಾರೂ ಭಾವಿಸಬಾರದು. ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ‘ಮತ್ಸ್ಯವಿನೋದ’ವೆಂಬ ಭಾಗವೇ ಇದೆ. ಗಾಳದ ಕೋಲು, ದಾರ, ಎರೆ, ಮೀನಿನ ಜಾತಿಗಳು ಇವೆಲ್ಲವೂ ಅಲ್ಲಿ ಚರ್ಚೆಗೆ ಬರುತ್ತವೆ. ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1951ರಲ್ಲಿ ಇದರ ಬಗ್ಗೆ ಪ್ರಬಂಧವನ್ನೇ ಬರೆದರು. ಇನ್ನು ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಎಚ್.ಎಸ್. ಥಾಮಸ್ ಭಾರತದ ನದಿಗಳಲ್ಲಿ ಗಾಳ ಹಾಕುವ ಬಗ್ಗೆ ಬರೆದ ಪ್ರಸಿದ್ಧ ಪುಸ್ತಕ ಮೊದಲು ಅಚ್ಚಾದದ್ದು 1873ರಲ್ಲಿ, ನಮ್ಮ ಮಂಗಳೂರಿನಲ್ಲೇ. ಆದ್ದರಿಂದ ಈ ವಿಷಯದಲ್ಲಿ ಮಾತನಾಡುವ ಹಕ್ಕು ನಮಗಿದೆ, ಹೊಣೆಯೂ ಇದೆ.

ಈಗ ಆ ‘ಎಕ್ಸ್’ ಏನೆಂಬುದನ್ನು ತಿಳಿಯೋಣ. ನೈಲಾನ್ ಬರುವ ಮುನ್ನ ಲೀಡರುಗಳನ್ನು ಮಾಡುತ್ತಿದ್ದದ್ದು ರೇಷ್ಮೆಹುಳುವಿನಿಂದ. ರಾಮನಗರದ ಗೂಡಿನ ಮಾರುಕಟ್ಟೆ ಕಂಡವರಿಗೆ ಗೂಡು ಗೊತ್ತು. ಆದರೆ ಇಲ್ಲಿ ಗೂಡು ಕಟ್ಟುವ ಮೊದಲೇ ಹುಳುವಿನ ರೇಷ್ಮೆಗ್ರಂಥಿಯನ್ನು ತೆಗೆದು ಎಳೆದು ತಂತು ಮಾಡುತ್ತಿದ್ದರು. ಸ್ಪೇನ್ ದೇಶದ ಮುರ್ಸಿಯಾ ಪ್ರಾಂತ ಇದಕ್ಕೆ ಹೆಸರಾಗಿತ್ತು. ಆ ತಂತುವನ್ನು ಸಣ್ಣ ರಂಧ್ರದ ಮೂಲಕ ಎಳೆದು ಸಪೂರ ಮಾಡುತ್ತಿದ್ದರು. ಹೆಚ್ಚು ಎಳೆದಷ್ಟೂ ಎಕ್ಸ್ ಸಂಖ್ಯೆ ಹೆಚ್ಚು, ದಾರ ತೆಳು. ರೇಷ್ಮೆ ಹೋಗಿ ನೈಲಾನ್ ಬಂದರೂ ಸಂಖ್ಯೆ ಉಳಿಯಿತು. ಲೆಕ್ಕ ಸುಲಭ: ಹನ್ನೊಂದರಿಂದ ಎಕ್ಸ್ ಸಂಖ್ಯೆಯನ್ನು ಕಳೆದರೆ ದಾರದ ವ್ಯಾಸ ಇಂಚಿನ ಸಾವಿರದ ಭಾಗಗಳಲ್ಲಿ ಸಿಗುತ್ತದೆ. 0 ಎಕ್ಸ್ ಎಂದರೆ ಹನ್ನೊಂದು, ಅಂದರೆ 0.28 ಮಿಲಿಮೀಟರ್, 6 ಎಕ್ಸ್ ಎಂದರೆ ಐದು, ಅಂದರೆ ಸುಮಾರು 0.13 ಮಿಲಿಮೀಟರ್.

ಹಿಂದಿನ ಬೆಂಚಿನವರೂ ಇಲ್ಲಿ ಸ್ವಲ್ಪ ಗಮನ ಕೊಡಬೇಕು. ವ್ಯಾಸ ಅರ್ಧಕ್ಕಿಳಿದರೆ ಬಲ ಅರ್ಧಕ್ಕಿಳಿಯುವುದಿಲ್ಲ, ಕಾಲು ಭಾಗಕ್ಕಿಳಿಯುತ್ತದೆ. ಏಕೆಂದರೆ ದಾರದ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಅವಲಂಬಿಸಿದೆ, ವಿಸ್ತೀರ್ಣ ವ್ಯಾಸದ ವರ್ಗವನ್ನು. ತಯಾರಕರಿಂದ ತಯಾರಕರಿಗೆ ಅಂಕಿಗಳು ಬದಲಾಗುತ್ತವೆಯಾದರೂ, 6 ಎಕ್ಸ್ ನೈಲಾನ್ ಸುಮಾರು ಒಂದೂವರೆ ಕೆ.ಜಿ. ಎಳೆತಕ್ಕೆ ತುಂಡಾಗುತ್ತದೆ, 0 ಎಕ್ಸ್ ಆರೇಳು ಕೆ.ಜಿ.ಯವರೆಗೆ ತಡೆಯುತ್ತದೆ. ಅನುಭವಸ್ಥರು ದಾರದ ಬಲದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಎಳೆತ ಹಾಕುವುದಿಲ್ಲ, ಏಕೆಂದರೆ ಗಂಟು ಹಾಕಿದಲ್ಲಿ ದಾರ ಇನ್ನಷ್ಟು ದುರ್ಬಲ. ಅಂದರೆ ನನ್ನ ವಿದ್ಯಾರ್ಥಿ ಆ ನಾಲ್ಕು ಕೆ.ಜಿ. ಮೀನನ್ನು ಎಳೆದದ್ದು ಅರ್ಧ ಕೆ.ಜಿ. ಬಲದಿಂದ. ಐವತ್ತು ನಿಮಿಷ ಏಕೆ ಬೇಕಾಯಿತೆಂಬುದಕ್ಕೆ ಇಷ್ಟು ಸಾಕು. ಅದನ್ನು ಹೋರಾಟವೆನ್ನಲು ನನಗೆ ಮನಸ್ಸಾಗದು. ಆ ಜೀವ ಸುಸ್ತಾಗಿ ಸೋಲುವವರೆಗೆ ಅವನು ಕಾದಿದ್ದಾನೆ, ಅಷ್ಟೇ.

ನಮ್ಮ ಜಯನಗರದ ಹಳೆಯ ಮನೆಗಳಲ್ಲಿ ಪಿಂಗಾಣಿಯ ಫ್ಯೂಸ್ ಇದ್ದ ಕಾಲವನ್ನು ನಿಮ್ಮಲ್ಲಿ ಬಹಳ ಮಂದಿ ಕಂಡಿದ್ದೀರಿ. ಕಿಟ್‌ಕ್ಯಾಟ್ ಎಂದೇ ಅದನ್ನು ಕರೆಯುತ್ತಿದ್ದೆವು. ಫ್ಯೂಸ್ ಹೋದಾಗ ಕೆಲವರು ಸಿಕ್ಕಿದ ದಪ್ಪ ತಾಮ್ರದ ತಂತಿಯನ್ನು ಸುತ್ತಿಬಿಡುತ್ತಿದ್ದರು. ಆಗ ಗೋಡೆಯೊಳಗಿನ ತಂತಿ ಸುಡುತ್ತಿತ್ತು. ಇನ್ನು ಕೆಲವರು ಒಂದೇ ಒಂದು ಎಳೆಯನ್ನು ಕಟ್ಟುತ್ತಿದ್ದರು. ಇಸ್ತ್ರಿಪೆಟ್ಟಿಗೆ ಹಾಕಿದೊಡನೆ ಮನೆಯೆಲ್ಲ ಕತ್ತಲೆ. ಫ್ಯೂಸ್ ತಂತಿ ಮೊದಲು ತುಂಡಾಗಬೇಕಾದದ್ದೇ ಸರಿ, ಆದರೆ ಅದು ಹೊರಬೇಕಾದ ಹೊರೆಯನ್ನು ಹೊತ್ತ ಮೇಲೆ. ಟಿಪ್ಪೆಟ್ ಗಾಳದ ಫ್ಯೂಸ್. ಅದರ ದಪ್ಪವನ್ನು ನಿರ್ಧರಿಸಬೇಕಾದದ್ದು ಆ ಹೊಳೆಯಲ್ಲಿರುವ ಮೀನು ಮತ್ತು ಬಂಡೆಗಳೇ ಹೊರತು ಗಾಳ ಹಿಡಿದವನ ಹೆಮ್ಮೆಯಲ್ಲ. ನಾನು ಇಂದು ಹೇಳಬೇಕೆಂದಿರುವುದು ಇದೊಂದನ್ನೇ.

ತೆಳು ದಾರದ ಪಕ್ಷಪಾತಿಗಳು ಮುಂದಿಡುವ ವಾದಗಳು ನನಗೆ ತಿಳಿಯದವಲ್ಲ. ದಪ್ಪ ದಾರ ಮೀನಿಗೆ ಕಾಣುತ್ತದೆ ಎಂಬುದು ಮೊದಲನೆಯದು. ಇದರಲ್ಲಿ ಸ್ವಲ್ಪ ಸತ್ಯವಿದೆ. ನೀರಿನ ವಕ್ರೀಭವನ ಸೂಚ್ಯಂಕ 1.33, ನೈಲಾನಿನದು ಸುಮಾರು 1.53, ಫ್ಲೋರೋಕಾರ್ಬನ್‌ನದು 1.42, ಆದ್ದರಿಂದ ಫ್ಲೋರೋಕಾರ್ಬನ್ ನೀರಿನಲ್ಲಿ ಕೊಂಚ ಮರೆಯಾಗುತ್ತದೆ. ಆದರೆ ಮೀನು ಬೆದರುವುದು ದಾರವನ್ನು ಕಂಡು ಮಾತ್ರವೇ? ಹರಿವಿನೊಡನೆ ತೇಲಬೇಕಾದ ನೊಣ ದಾರದ ಎಳೆತಕ್ಕೆ ಅಡ್ಡಡ್ಡ ಸಾಗಿದರೆ, ಹುರಿ ಮೀನಿನ ತಲೆಯ ಮೇಲೆ ಛಟೀರನೆ ಬಿದ್ದರೆ, ಕೂದಲೆಳೆಯಂಥ ಟಿಪ್ಪೆಟ್ ಕಟ್ಟಿದ್ದರೂ ಮೀನು ಓಡುತ್ತದೆ. ಇದಕ್ಕೆ ಮದ್ದು ಉದ್ದ ಲೀಡರ್ ಮತ್ತು ಬೀಸುವ ಕೈಯ ಅಭ್ಯಾಸ. ಒಂಬತ್ತು ಅಡಿಯ ಬದಲು ಹನ್ನೆರಡು ಅಡಿ ಕಟ್ಟಿ, ಕೈ ಪಳಗಿಸಿಕೊಳ್ಳಿ. ಕೈಯ ಕೊರತೆಯನ್ನು ದಾರದ ತೆಳುವಿನಿಂದ ಮುಚ್ಚುವುದು, ಓದದೆ ಬಂದವನು ಬರವಣಿಗೆ ಅಂದ ಮಾಡಿ ಅಂಕ ಕೇಳಿದಂತೆ.

ತೆಳು ದಾರದಿಂದ ನೊಣ ಸಹಜವಾಗಿ ತೇಲುತ್ತದೆ ಎಂಬುದು ಎರಡನೆಯ ವಾದ. ಸಣ್ಣ ನೊಣ, ಸಣ್ಣ ಮೀನು ಇದ್ದಲ್ಲಿ ಇದು ನಿಜವೇ. ಅದಕ್ಕಾಗಿಯೇ ಹಿರಿಯರು ಒಂದು ಸೂತ್ರ ಹೇಳಿದ್ದಾರೆ: ಕೊಕ್ಕೆಯ ಸಂಖ್ಯೆಯನ್ನು ಮೂರರಿಂದ ಭಾಗಿಸಿದರೆ ಬರುವುದೇ ಎಕ್ಸ್ ಸಂಖ್ಯೆ. 12ನೆಯ ನಂಬರಿನ ಕೊಕ್ಕೆಗೆ 4 ಎಕ್ಸ್, 18ಕ್ಕೆ 6 ಎಕ್ಸ್. ಇಲ್ಲಿಯೂ ಸಂಖ್ಯೆ ಏರಿದಂತೆ ಕೊಕ್ಕೆ ಸಣ್ಣದು. ಆದರೆ ಈ ಸೂತ್ರ ನೊಣವನ್ನು ಬೀಸುವ ಸೂತ್ರವೇ ಹೊರತು ಮೀನನ್ನು ದಡ ಸೇರಿಸುವ ಸೂತ್ರವಲ್ಲ. ಅದು ಹುಟ್ಟಿದ್ದು ಟ್ರೌಟ್ ಮೀನಿನ ತಣ್ಣನೆಯ ತೊರೆಗಳಲ್ಲಿ. ಬಂಡೆಗಳ ನಡುವೆ ಬಾಣದಂತೆ ನುಗ್ಗುವ ನಮ್ಮ ಮಹಸೀರ್ ಅದರ ಲೆಕ್ಕಕ್ಕೆ ಬಂದಿರಲಿಲ್ಲ. ಎರಡು ಸೂತ್ರಗಳು ಬೇರೆ ಬೇರೆ ಉತ್ತರ ಕೊಟ್ಟಾಗ ದಪ್ಪದ ಕಡೆಯದನ್ನೇ ಆರಿಸಬೇಕು. ನೊಣವನ್ನೂ ಅದಕ್ಕೆ ತಕ್ಕಂತೆ ದೊಡ್ಡದು ಮಾಡಿಕೊಳ್ಳಬೇಕು.

ಮೂರನೆಯ ವಾದವೇ ನನ್ನನ್ನು ಕೆರಳಿಸುವುದು. “ತೆಳು ದಾರವೆಂದರೆ ಮೀನಿಗೂ ಸಮಾನ ಅವಕಾಶ, ಅದೇ ಕ್ರೀಡಾಧರ್ಮ” ಎನ್ನುತ್ತಾರೆ. ಅಂತರರಾಷ್ಟ್ರೀಯ ದಾಖಲೆಗಳನ್ನು ಕೂಡ ಟಿಪ್ಪೆಟ್ಟಿನ ಬಲದ ವರ್ಗಗಳ ಪ್ರಕಾರ ಬರೆದಿಡುವುದರಿಂದ ಈ ಭಾವನೆಗೆ ಗೌರವದ ಮುದ್ರೆ ಬಿದ್ದಿದೆ. ಆದರೆ ಆಟವೆಂದರೆ ಇಬ್ಬರೂ ಒಪ್ಪಿ ಆಡುವುದು. ಮೀನು ಎಲ್ಲಿ ಒಪ್ಪಿತ್ತು? ಅದಕ್ಕೆ ಅದು ಪ್ರಾಣದ ಪ್ರಶ್ನೆ. ಐವತ್ತು ನಿಮಿಷ ಜಗ್ಗಾಡಿದ ಮೀನಿನ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ, ಉಸಿರಿಗೆ ಆಮ್ಲಜನಕ ಸಾಲದಾಗುತ್ತದೆ. ಅದರಲ್ಲೂ ನಮ್ಮದು ಬೆಚ್ಚನೆಯ ನಾಡು. 20 ಡಿಗ್ರಿ ಸೆಲ್ಸಿಯಸ್‌ನ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. 30 ಡಿಗ್ರಿಗೆ ಏರಿದರೆ ಅದು ಸುಮಾರು ಏಳೂವರೆಗೆ ಇಳಿಯುತ್ತದೆ. ಬೇಸಗೆಯಲ್ಲಿ ಸೊರಗಿದ ಹೊಳೆಯಲ್ಲಿ ದಣಿದ ಮೀನನ್ನು ಬಿಟ್ಟು, ಅದು ಬಾಲ ಬೀಸಿ ಮರೆಯಾದದ್ದನ್ನು ಕಂಡು, ಬದುಕಿತು ಎಂದು ನಂಬುವುದು ನಮ್ಮ ಸಮಾಧಾನಕ್ಕೆ ಮಾತ್ರ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೊಡಗಿನಲ್ಲಿದ್ದಾಗ, ಕಾಫಿ ತೋಟದ ಹಿರಿಯರೊಬ್ಬರು ತಮ್ಮ ಹಳೆಯ ಗಾಳದ ಕೋಲನ್ನು ನನ್ನ ಕೈಗಿತ್ತು ಬೀಸುವುದನ್ನು ಕಲಿಸಿದ್ದರು. 1989ರ ಒಂದು ಭಾನುವಾರ, ಅವರು ಕೊಟ್ಟ ದಪ್ಪ ಲೀಡರನ್ನು ಬದಿಗಿಟ್ಟು, ನನ್ನ ಜಾಣ್ಮೆ ತೋರಿಸಲೆಂದೇ ತೆಳುವಾದದ್ದನ್ನು ಕಟ್ಟಿದೆ. ಮೀನು ಸಿಕ್ಕಿತು. ಮುಕ್ಕಾಲು ಗಂಟೆ ಆಡಿಸಿದೆ. ದಡಕ್ಕೆ ತಂದು, ಕೊಕ್ಕೆ ಬಿಡಿಸಿ, ಹೆಮ್ಮೆಯಿಂದ ನೀರಿಗೆ ಬಿಟ್ಟೆ. ಅದು ಹೋಯಿತು. ಅರ್ಧ ಗಂಟೆಯ ನಂತರ ಕೆಳಗಿನ ಮಡುವಿನ ಬಳಿ ನಡೆದುಬರುವಾಗ ಅದೇ ಮೀನು ಹೊಟ್ಟೆ ಮೇಲಾಗಿ ಬೇರಿನ ಸಂದಿಯಲ್ಲಿ ಸಿಕ್ಕಿಕೊಂಡು ತೇಲುತ್ತಿತ್ತು. ಹಿರಿಯರು ಗದರಲಿಲ್ಲ. “ನೀವು ಅದನ್ನು ಬಿಡಲಿಲ್ಲ ಮೇಷ್ಟ್ರೇ, ಮುಗಿಸಿದ ಮೇಲೆ ಕೆಳಗಿಟ್ಟಿರಿ” ಎಂದರು, ಅಷ್ಟೇ. ಮೂವತ್ತು ವರ್ಷ ಪಾಠ ಹೇಳಿದ ನನಗೆ ಯಾರೋ ಹೇಳಿದ ಪಾಠಗಳಲ್ಲಿ ಮರೆಯಲಾಗದ್ದು ಅದು.

ಹಾಗಾದರೆ ಹಗ್ಗವನ್ನೇ ಕಟ್ಟೋಣವೇ ಎಂದು ಕೇಳುವವರಿದ್ದಾರೆ. ಅದೂ ತಪ್ಪು, ಮತ್ತು ಅಷ್ಟೇ ಕ್ರೂರ. ಟಿಪ್ಪೆಟ್ ಉಳಿದೆಲ್ಲ ಗಂಟುಗಳಿಗಿಂತ ಬಲವಾಗಿದ್ದರೆ, ಕೊಕ್ಕೆ ಬಂಡೆಗೆ ಸಿಕ್ಕಿದಾಗ ತುಂಡಾಗುವುದು ಮೇಲಿನ ಗಂಟು. ಆಗ ಮೀನು ಒಂಬತ್ತು ಅಡಿ ಲೀಡರನ್ನೂ, ಕೆಲವೊಮ್ಮೆ ಹುರಿಯನ್ನೂ ಎಳೆದುಕೊಂಡು ಹೋಗುತ್ತದೆ. ಅದು ಮುಂದಿನ ಕೊರಕಲಿನಲ್ಲಿ ಸಿಕ್ಕಿ ಮೀನನ್ನು ಗೂಟಕ್ಕೆ ಕಟ್ಟಿದಂತಾಗುತ್ತದೆ. ಆದ್ದರಿಂದ ಲೀಡರಿನ ಬುಡ ದಪ್ಪ, ನಡು ಕ್ರಮವಾಗಿ ಸಪೂರ, ತುದಿ ಎಲ್ಲಕ್ಕಿಂತ ದುರ್ಬಲ, ಆದರೆ ಮೀನಿಗೆ ತಕ್ಕಷ್ಟು ಬಲ: ಈ ಕ್ರಮ ತಪ್ಪಕೂಡದು. ಈ ಸಪೂರವಾಗುವಿಕೆಯೇ ಬೀಸಿದ ಹುರಿಯ ವೇಗವನ್ನು ನೊಣದವರೆಗೆ ಮೆಲ್ಲಗೆ ಸಾಗಿಸುವುದರಿಂದ ಬೀಸುವ ಕೆಲಸಕ್ಕೂ ಅದೇ ಒಳ್ಳೆಯದು.

ನಮ್ಮ ನದಿಗಳ ವಿಷಯದಲ್ಲಿ ಇಷ್ಟು ಕಟುವಾಗಿ ಬರೆಯಲು ಇನ್ನೊಂದು ಕಾರಣವಿದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 120 ಪೌಂಡ್, ಅಂದರೆ ಸುಮಾರು 54 ಕೆ.ಜಿ. ತೂಕದ ಮಹಸೀರನ್ನು ಹಿಡಿದಿದ್ದರು. ಕಾವೇರಿ ಸೀಮೆಯ ಆ ಡುಬ್ಬದ ಮಹಸೀರಿಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದೇ 2018ರಲ್ಲಿ: ಟಾರ್ ರೆಮಾದೇವಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ, ತೀವ್ರ ಅಪಾಯದ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಹೆಸರಿಡುವ ಹೊತ್ತಿಗೆ ಮಗು ಆಸ್ಪತ್ರೆಯಲ್ಲಿ! ಅಣೆಕಟ್ಟು, ಮರಳು ತೆಗೆಯುವುದು, ಸಿಡಿಮದ್ದು ಎಸೆಯುವುದು, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಸೀರ್, ಹೀಗೆ ಕಾರಣಗಳು ಹಲವು. ಗಾಳದವರ ಪರವಾಗಿ ಒಂದು ಮಾತನ್ನೂ ಹೇಳಬೇಕು: ಈ ಮೀನು ಕಣ್ಮರೆಯಾಗುತ್ತಿರುವುದು ವಿಜ್ಞಾನಿಗಳಿಗೆ ಸ್ಪಷ್ಟವಾದದ್ದು ಗಾಲಿಬೋರೆಯ ಗಾಳದ ಶಿಬಿರದಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ದಾಖಲೆಗಳಿಂದ. ಈಗ ಕಾವೇರಿ ವನ್ಯಜೀವಿಧಾಮದೊಳಗೆ ಆ ಶಿಬಿರಗಳ ಗಾಳ ನಿಂತುಹೋಗಿದೆ. ಅನುಮತಿಯಿರುವ ಬೇರೆ ನೀರುಗಳಲ್ಲಿ ಉಳಿದಿರುವ ಒಂದೊಂದು ದೊಡ್ಡ ಮೀನೂ ಸಾವಿರಾರು ಮರಿಗಳ ತಾಯಿಯಾಗಬಲ್ಲದು. ಅದನ್ನು ನಮ್ಮ ಜಂಭದ ಪರೀಕ್ಷೆಗೆ ಒಡ್ಡುವುದು ಯಾವ ಧರ್ಮ?

ದಾರದ ಕಥೆ ಹೊಳೆಯಲ್ಲೇ ಮುಗಿಯುವುದೂ ಇಲ್ಲ. ನಮ್ಮ ದಕ್ಷಿಣ ಬೆಂಗಳೂರಿನ ಕೆರೆಯೊಂದರ ಏರಿಯ ಮೇಲೆ ನಾನು ಬೆಳಿಗ್ಗೆ ನಡೆಯುವುದುಂಟು. ಒಂದು ದಿನ ಜಾಲಿಮರದ ಕೊಂಬೆಯಲ್ಲಿ ನೀರುಕಾಗೆಯೊಂದು ತಲೆಕೆಳಗಾಗಿ ಜೋತಾಡುತ್ತಿತ್ತು. ಕಾಲಿಗೆ ಸುತ್ತಿದ್ದದ್ದು ಯಾರೋ ಎಸೆದುಹೋದ ಗಾಳದ ನೈಲಾನ್ ದಾರ. ಕೆರೆ ಕಾಯುವ ಹುಡುಗ ಏಣಿ ತರುವಷ್ಟರಲ್ಲಿ ಹಕ್ಕಿಯ ಜೀವ ಹೋಗಿತ್ತು. ಗಾಳಿಪಟದ ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ನಿಷೇಧಿಸಿದಾಗ ನಾವೆಲ್ಲ ಮೆಚ್ಚಿದೆವು. ಗಾಳದ ತುಂಡು ಅದರ ಒಡಹುಟ್ಟಿದ್ದೇ ಅಲ್ಲವೇ? ಮೀನಿಗೆ ಕಾಣದಿರಲೆಂದು ಮಾಡಿದ ದಾರ ಹಕ್ಕಿಗೂ ಕಾಣುವುದಿಲ್ಲ. ನೈಲಾನ್ ಬಿಸಿಲಿಗೆ ಮೆಲ್ಲಗೆ ಶಿಥಿಲವಾಗುತ್ತದೆ. ಫ್ಲೋರೋಕಾರ್ಬನ್ ಬಿಸಿಲಿಗೂ ನೀರಿಗೂ ಜಗ್ಗುವುದಿಲ್ಲ. ಅಂಗಡಿಯವರು ಅದನ್ನೇ ಗುಣವೆಂದು ಹೇಳಿ ಮಾರುತ್ತಾರೆ. ಎಸೆದುಹೋದ ದಿನ ಅದೇ ಗುಣ ಪಾಪವಾಗುತ್ತದೆ.

ಬಂಧುಗಳಲ್ಲಿ ಕೆಲವರು ಇಷ್ಟು ಓದಿ, “ಇಷ್ಟೆಲ್ಲ ಏಕೆ, ಮೀನನ್ನು ಹಿಡಿಯದೆ ಬಿಟ್ಟರಾಯಿತಲ್ಲ” ಎನ್ನುವರು. ಆ ಮಾತನ್ನು ನಾನು ಗೌರವಿಸುತ್ತೇನೆ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ ದೇವರ ಮೀನುಗಳೆಂದು ಕಾಪಾಡಿದವರು ಯಾವ ಎಕ್ಸ್ ಸಂಖ್ಯೆಯನ್ನೂ ಓದಿದವರಲ್ಲ. 1996ರಲ್ಲಿ ಶಿಶಿಲದ ಮೀನುಗಳಿಗೆ ದುರುಳರು ವಿಷ ಹಾಕಿದಾಗ ಊರವರು ಸತ್ತ ಮೀನುಗಳಿಗೆ ಸ್ಮಾರಕವನ್ನೇ ಕಟ್ಟಿದರು. ನಾನೂ ಕೋಲನ್ನು ಗೋಡೆಗೆ ಆನಿಸಿ ಬಹಳ ವರ್ಷಗಳಾದವು. ಆದರೆ ಗಾಳ ಹಾಕುವವರು ಇದ್ದೇ ಇರುತ್ತಾರೆ, ಮತ್ತು ಹೊಳೆಯ ಆಗುಹೋಗುಗಳನ್ನು ಕಣ್ಣಿಟ್ಟು ಕಾಯುವವರಲ್ಲಿ ಅವರೂ ಇದ್ದಾರೆ. ಅವರನ್ನು ಬೈದು ಬಿಡುವುದಕ್ಕಿಂತ ಸರಿಯಾದ ದಾರವನ್ನು ಕೈಗಿಡುವುದು ಮೇಷ್ಟ್ರ ಕೆಲಸವೆಂದು ನಾನು ತಿಳಿದಿದ್ದೇನೆ.

ಆದ್ದರಿಂದ ಕೊನೆಯದಾಗಿ, ಪರೀಕ್ಷೆಯ ಹಿಂದಿನ ದಿನ ಹೇಳುತ್ತಿದ್ದಂತೆ, ಮುಖ್ಯಾಂಶಗಳು. ಸಣ್ಣ ಗೆಂಡೆ ಮೀನುಗಳಿಗೆ 4 ಎಕ್ಸ್ ಸಾಕು. ಮಹಸೀರ್ ಇರುವ ನೀರೆಂದು ತಿಳಿದಿದ್ದರೆ 0 ಎಕ್ಸ್‌ಗಿಂತ ತೆಳುವಾದದ್ದನ್ನು ಕಟ್ಟಬೇಡಿ. ಬಂಡೆ ಹೆಚ್ಚಿದ್ದರೆ ಏಳೆಂಟು ಕೆ.ಜಿ. ತಡೆಯುವ ದಾರವೇ ಇರಲಿ. ತೇಲುವ ನೊಣಕ್ಕೆ ನೈಲಾನ್, ಏಕೆಂದರೆ ಅದರ ಸಾಂದ್ರತೆ 1.14, ಹೆಚ್ಚುಕಡಿಮೆ ನೀರಿನಷ್ಟೇ. ಮುಳುಗುವ ನೊಣಕ್ಕೆ 1.78 ಸಾಂದ್ರತೆಯ ಫ್ಲೋರೋಕಾರ್ಬನ್. ಗಂಟು ಬಿಗಿಯುವ ಮುನ್ನ ನಾಲಗೆಯಿಂದ ಒದ್ದೆ ಮಾಡಿ. ಒಣಗಂಟು ಉಜ್ಜಿ ಬಿಸಿಯಾಗಿ ಬಲ ಕಳೆದುಕೊಳ್ಳುತ್ತದೆ. ಬಂಡೆಗೆ ಉಜ್ಜಿದ ತುದಿಯನ್ನು ಬೆರಳಿನಿಂದ ಸವರಿ ನೋಡಿ, ಒರಟಾಗಿದ್ದರೆ ಬದಲಿಸಿ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಅದುಮಿಬಿಡಿ. ನೀರು ಬೆಚ್ಚಗಾದ ದಿನಗಳಲ್ಲಿ ಮನೆಯಲ್ಲೇ ಇರಿ. ಕತ್ತರಿಸಿದ ತುಂಡುಗಳೆಲ್ಲ ಜೇಬಿನಲ್ಲಿ ಮನೆಗೆ ಬರಲಿ.

ಆ ನನ್ನ ವಿದ್ಯಾರ್ಥಿಗೆ ಒಂದು ಮಾತು. ನೀನು ತರಗತಿಯಲ್ಲಿ ಫ್ಯೂಸ್ ಪ್ರಶ್ನೆಗೆ ಐದಕ್ಕೆ ಐದು ಅಂಕ ಪಡೆದಿದ್ದೆ, ನನಗೆ ನೆನಪಿದೆ. ಉತ್ತರ ನಿನಗೆ ಗೊತ್ತೇ ಇದೆ. ಮುಂದಿನ ಸಲ ಚಿತ್ರ ಕಳಿಸುವಾಗ ಕೆಳಗೆ “ಐದು ನಿಮಿಷ, ದಪ್ಪ ದಾರ, ಮೀನು ಸುಖವಾಗಿ ಹೋಯಿತು” ಎಂದು ಬರೆ. ಮೊದಲ ಶಹಬ್ಬಾಸ್ ನನ್ನದೇ ಆಗಿರುತ್ತದೆ.

ಇಂತಿ,
ನಿಮ್ಮ ಮೇಷ್ಟ್ರು